ಬೀಗದ ವಿಷಯಕ್ಕೆ ಬರುವ ಮುನ್ನ

ಲಗ್ಗೆರೆಯ ನಮ್ಮ ಬೀದಿಯ ಹೋಟೆಲಿನಲ್ಲಿ ದೋಸೆ ಆಯಿತೆಂದರೆ ಕೌಂಟರಿನವನು ಗಂಟೆ ಬಾರಿಸುತ್ತಾನೆ. ಟಿಣ್! ಉಳಿದವರಿಗೆ ಅದು ಕೇಳಿದರೆ ಹಸಿವು. ನನಗೆ ಬೆನ್ನು ಬೆವರುತ್ತದೆ. ನಿನ್ನೆಯಂತೂ ಎದುರಿಗೆ ತಂಗಿ ಪದ್ಮಾ ಬೇರೆ ಕೂತಿದ್ದಳು.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಪೀಣ್ಯದಲ್ಲಿ ಲೇತ್ ಮಷೀನು. ಆದರೂ ಬೀದಿಯ ರಾಜ್ಯೋತ್ಸವದಲ್ಲಿ ಮೈಕು ಸಿಕ್ಕರೆ ಬಿಡುವವನಲ್ಲ. ನಮ್ಮಲ್ಲಿ ಭಾಷಣವೆಂದರೆ ಏನೆಂದು ನಿಮಗೂ ಗೊತ್ತು: ವೇದಿಕೆಯಲ್ಲಿರುವವರ ಹೆಸರು ಒಂದೂ ಬಿಡದೆ ಹೇಳುವುದು. ವಿಷಯ ಬಿಟ್ಟುಹೋದರೆ ಯಾರೂ ಕೇಳುವುದಿಲ್ಲ. ಹೆಸರು ಬಿಟ್ಟುಹೋದರೆ ಮನೆಗೇ ಬಂದು ಕೇಳುತ್ತಾರೆ.

ಪದ್ಮಾ ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಚರ್ಚಾಸ್ಪರ್ಧೆ. ಸ್ವಚ್ಛತೆ ಯಾರ ಹೊಣೆ, ಸರ್ಕಾರದ್ದೋ ಜನರದ್ದೋ? ಅವಳ ಹತ್ತಿರ ಇದ್ದದ್ದು ಒಂದೇ ಮಾತು. ಹುಡುಗಿಯರ ಶೌಚಾಲಯಕ್ಕೆ ಸದಾ ಬೀಗ. ಅತಿಥಿಗಳು ಬಂದ ದಿನ ಮಾತ್ರ ತೆಗೆಯುತ್ತಾರೆ. ಅದಕ್ಕೇ ಹುಡುಗಿಯರು ಬೆಳಗಿನಿಂದ ನೀರು ಮುಟ್ಟುವುದಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರ ಎದುರಿಗೇ ಹೇಳುತ್ತೇನೆಂದು ಹಟ ಹಿಡಿದಳು. ಆ ಅಧ್ಯಕ್ಷರೇ ನಮ್ಮ ಮನೆ ಓನರು.

“ಬೀಗದ್ ವಿಷ್ಯ ಕೊನೇಲಿ ಹೇಳು. ಮೊದ್ಲು ಮರ್ಯಾದೆ ಕಣೇ” ಎಂದು ಸಂಬೋಧನೆ ಬಾಯಿಪಾಠ ಮಾಡಿಸಿದೆ. “ಈ ಭಾಗದ ಕಣ್ಮಣಿ, ಕೊಡುಗೈ ದಾನಿ, ಬಡವರ ಬಂಧು...” ಓನರೊಬ್ಬರಿಗೇ ಒಂದು ಉಸಿರು ಸಾಲದು.

“ಅಣ್ಣ, ಇರೋದೇ ಮೂರು ನಿಮಿಷ.”

“ಸಾಕು ಬಿಡೇ!”

ಸ್ಪರ್ಧೆಯ ದಿನ ಅವಳು ನಿಷ್ಪಕ್ಷಪಾತ ತೀರ್ಪುಗಾರರನ್ನೂ ಸಮಯಪಾಲಕರನ್ನೂ ದಾಟಿ “ನೆಚ್ಚಿನ ಸಹಪಾಠಿಗಳೇ” ಎನ್ನುವಷ್ಟರಲ್ಲಿ ಟಿಣ್! ಪದ್ಮಾ ನನ್ನ ಕಡೆ ನೋಡಿ, ಕೈ ಮುಗಿದು ಇಳಿದಳು. ಭಾರೀ ಚಪ್ಪಾಳೆ. “ಎಂಥಾ ಸಂಸ್ಕಾರ ಕಣಯ್ಯಾ ನಿನ್ ತಂಗಿಗೆ!” ಎಂದರು ಓನರು. ಅವಳಿಗೆ ಸಮಾಧಾನಕರ ಬಹುಮಾನ: ನೀರು ಕುಡಿಯುವ ಸ್ಟೀಲ್ ಲೋಟ. ನನಗೆ ಆ ವರ್ಷದ ರಾಜ್ಯೋತ್ಸವದ ಮೈಕು. ಸಂಜೆಗೆ ಬೀಗ ಮತ್ತೆ ಬಿತ್ತು.

ಸಮಯದ ಅಂದಾಜು ತಪ್ಪಿತು ಎಂದು ಅವಳಿಗೆ ಹೇಳಿದ್ದೆ. ಸುಳ್ಳು. ಮನೆಯಲ್ಲಿ ಹೇಳಿಸಿ ನೋಡಿದಾಗಲೇ ನನಗೆ ಗೊತ್ತಿತ್ತು, ಬೀಗಕ್ಕಿಂತ ಗಂಟೆ ಮೊದಲು ಬರುತ್ತದೆ ಎಂದು. ನಿನ್ನೆ ದೋಸೆಗೆ ಕಾಯುತ್ತಾ ಅದನ್ನೂ ಹೇಳಿಬಿಟ್ಟೆ.

“ಅವತ್ತೇ ಗೊತ್ತಿತ್ತು ಬಿಡು” ಎಂದಳು.

“ಈ ಸಲ ರಾಜ್ಯೋತ್ಸವದಲ್ಲಿ ನೀನು ಮಾತಾಡ್ತೀಯಾ?”

“ಹೆಸರೆಲ್ಲಾ ನೀನೇ ಹೇಳಿ ಮುಗಿಸ್ಬಿಡು. ನಂಗೆ ಬೀಗದ್ ವಿಷ್ಯ ಇದೆ. ಈಗ ನನ್ ಮಗಳೂ ಅದೇ ಶಾಲೇಲಿ ನೀರು ಕುಡೀದೆ ಕೂರ್ತಾಳೆ.”

“ಓನರು ಮುಂದಿನ್ ಸಾಲಲ್ಲೇ ಇರ್ತಾರೆ ಕಣೇ.”

“ಒಳ್ಳೇದಾಯ್ತು. ಚೆನ್ನಾಗ್ ಕೇಳ್ಸುತ್ತೆ.”

ಟಿಣ್! ಅಭ್ಯಾಸಬಲದಿಂದ ನಾನು ಎದ್ದು ನಿಂತೆ. ಪದ್ಮಾ ಮಾತು ನಿಲ್ಲಿಸಲಿಲ್ಲ.