ಬಾಟಲಿ ನೀರಿಗೆ ಊದಿದವರು

ಗುಡಿ, ಮಸೀದಿ, ದರ್ಗಾ, ಚರ್ಚು, ಎಲ್ಲಿಗೇ ಹೋಗಲಿ, ನಾನು ನೋಡಲು ಹೋದವಳೇ ಹೊರತು ಬೇಡಿಕೊಳ್ಳಲು ಹೋದವಳಲ್ಲ. ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ವಾರವಿಡೀ ಒಂದೇ ಅಚ್ಚಿನ ಅಪಾರ್ಟ್‌ಮೆಂಟುಗಳನ್ನು ಬಿಡಿಸಿ ಬೇಸರವಾಗಿ, ಭಾನುವಾರ ಬಂತೆಂದರೆ ಹಳೆಯ ಕಮಾನು, ಹಳೆಯ ಗಾರೆ ಹುಡುಕಿಕೊಂಡು ಸ್ಕೂಟರ್ ಹತ್ತುತ್ತಿದ್ದೆ. ಬೀದರ್, ವಿಜಯಪುರ, ಶ್ರೀರಂಗಪಟ್ಟಣದ ಮಸೀದಿಗಳನ್ನೆಲ್ಲ ರಜೆ ಹಾಕಿ ನೋಡಿಬಂದಿದ್ದೇನೆ. ಅಂಥ ಕಡೆ ಪೀರರ ಹೆಸರಿನಲ್ಲಿ ಸಕ್ಕರೆ ಓದಿಸುವವರನ್ನು, ನವಿಲುಗರಿಯಿಂದ ತಲೆ ಸವರಿಸಿಕೊಳ್ಳುವವರನ್ನು ಕಂಡರೆ ನನಗೆ ಒಳಗೊಳಗೇ ನಗು. ಮನೆಗೆ ಬಂದು ಗಂಡನ ಮುಂದೆ ಆಡಿಕೊಂಡಿದ್ದೂ ಉಂಟು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದಿನದನ್ನು ನಂಬಿ ಎಂದು ನಾನು ಒತ್ತಾಯ ಮಾಡುವುದಿಲ್ಲ, ನನಗೇ ಅದು ಪೂರ್ತಿ ಸಾಧ್ಯವಾಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ತಮ್ಮ ಲೋಕೇಶ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನು ನಡೆಸುತ್ತಿದ್ದ. ಒಂದು ಮಧ್ಯಾಹ್ನ ಮಷೀನನ್ನು ಪಕ್ಕದಲ್ಲಿದ್ದ ಗೆಳೆಯನಿಗೆ ಬಿಟ್ಟು ಟೀ ಕುಡಿಯಲು ಹೋದ. ಬರುವಷ್ಟರಲ್ಲಿ ಆ ಗೆಳೆಯನ ಬಲಗೈ ಅದರಡಿ ಸಿಕ್ಕಿ ಜಜ್ಜಿಹೋಗಿತ್ತು. ಅಂದಿನಿಂದ ಲೋಕೇಶನಿಗೆ ನಿದ್ದೆ ಹತ್ತಲಿಲ್ಲ. ಒಂದು ದಿನ, ಎರಡು ದಿನವಲ್ಲ, ಎರಡು ತಿಂಗಳು. ಕೂತಲ್ಲೇ ಅರೆಗಳಿಗೆ ತೂಕಡಿಸಿ ಬೆಚ್ಚಿ ಏಳುತ್ತಿದ್ದ. ಕೆಲಸಕ್ಕೆ ಹೋಗುವುದು ನಿಂತಿತು, ಊಟ ಸೇರದಾಯಿತು, ನೋಡನೋಡುತ್ತ ಕಡ್ಡಿಯಂತಾದ. ಅವನು ಅಮ್ಮನ ಜೊತೆ ಚಿಕ್ಕಬಾಣಾವರದಲ್ಲಿದ್ದ. ನಾನು ಮದುವೆಯಾಗಿ ವರ್ತೂರಿನಲ್ಲಿದ್ದೆ. ಡಾಕ್ಟರಿಗೆ ತೋರಿಸೋಣವೆಂದು ನಾನು ಅಮ್ಮನಿಗೆ ಹೇಳಿದರೆ, ಅದು ಅವನಿಗೆ ಹೆಣ್ಣು ನೋಡುತ್ತಿದ್ದ ಕಾಲವಾದ್ದರಿಂದ ಅವಳು ನನ್ನ ಬಾಯಿ ಮುಚ್ಚಿಸುತ್ತಿದ್ದಳು. "ತಲೆ ಕೆಟ್ಟಿದೆ ಅಂತ ಸುದ್ದಿಯಾದ್ರೆ ಯಾರೇ ಹೆಣ್ಣು ಕೊಡ್ತಾರೆ? ಯಾರ ಹತ್ರಾನೂ ಉಸಿರೆತ್ತಬೇಡ," ಎಂದಳು. ನಾನೂ ಎತ್ತಲಿಲ್ಲ. ಯಾರು ಕೇಳಿದರೂ ಲೋಕಿ ಚೆನ್ನಾಗಿದ್ದಾನೆ ಎನ್ನುತ್ತಿದ್ದೆ. ಅವನ ಎದುರಿಗೂ ಏನೂ ಆಗಿಲ್ಲವೆಂಬಂತೆ ಕ್ರಿಕೆಟ್ಟು, ಸಿನಿಮಾ ಎಂದು ಏನೇನೋ ಹರಟಿ ಬರುತ್ತಿದ್ದೆ. ಗಂಡನಿಗೂ ಅರ್ಧವಷ್ಟೇ ಗೊತ್ತಿತ್ತು.

ಆ ಭಾನುವಾರ ನಾನು ಹೋದದ್ದು ವರ್ತೂರಿನಿಂದ ಸ್ವಲ್ಪ ದೂರದ ಒಂದು ಹಳೇ ಊರಿಗೆ. ಈಗ ಅದೂ ಬಾಡಿಗೆ ಮನೆಗಳ ನಡುವೆ ಮುಳುಗಿಹೋಗಿದೆ. ಓಣಿಯ ಕೊನೆಗೆ ಕಲ್ಲು ಗಾರೆಯ ಒಂದು ಪುಟ್ಟ ಮಸೀದಿ, ಮೂರು ಕಮಾನು, ಎರಡು ಗಿಡ್ಡ ಮಿನಾರು. ಅದನ್ನು ನೋಡಿಕೊಳ್ಳುತ್ತಿದ್ದವರು ಸಂಕೋಚವಿಲ್ಲದೆ ಅಂಗಳಕ್ಕೆ ಬಿಟ್ಟರು. ತಲೆಗೆ ದುಪಟ್ಟಾ ಹೊದ್ದು, ಕಮಾನಿನ ಅಂಚಿನ ಹೂಬಳ್ಳಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. "ಮೇಡಂ, ನಮಾಜ್ ಟೈಮ್ ಆಯ್ತು. ಸ್ವಲ್ಪ ಗೇಟ್ ಹತ್ರ ನಿಂತ್ಕೊಳ್ಳಿ, ಆಮೇಲೆ ಬನ್ನಿ," ಎಂದು ಅವರು ಬಂದು ಹೇಳಿದಾಗ ಸೂರ್ಯ ಮುಳುಗಿದ್ದ.

ಗೇಟಿನ ಬಳಿ ನಾಲ್ಕೈದು ಹೆಂಗಸರು ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಬುರ್ಖಾದವರೂ ಇದ್ದರು, ಕುಂಕುಮದವರೂ ಇದ್ದರು. ಸಂಜೆಯ ನಮಾಜು ಮುಗಿಸಿ ಹೊರಬರುವವರು ಕಾಯಿಲೆಯ ಮಕ್ಕಳ ಮುಖಕ್ಕೆ ಊದಿದರೆ ವಾಸಿಯಾಗುತ್ತದೆಂದು ನಮ್ಮ ಕಡೆ ಹಿಂದಿನಿಂದಲೂ ಹೀಗೆ ನಿಲ್ಲುತ್ತಾರೆ. ಮಗುವನ್ನು ಕರೆತರಲಾಗದವರು ನೀರು ತಂದು ಅದಕ್ಕೆ ಊದಿಸಿಕೊಂಡು ಹೋಗುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಬಾಯಾರಿಕೆ ಮಾತ್ರ. ಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದೆ. ಅಷ್ಟರಲ್ಲಿ ಒಳಗಿನಿಂದ ಜನ ಬಂದರು. ಮೊದಲು ಬಂದವರು ಪಕ್ಕದ ಮಗುವಿಗೆ ಊದಿದರು, ನನ್ನ ಬಾಟಲಿಗೂ ಬಗ್ಗಿ ಊದಿ ಮುಂದೆ ಹೋದರು.

ಗಂಡ ಕುಡಿದ ಲೋಟವನ್ನೂ ತೊಳೆಯದೆ ಮುಟ್ಟದವಳು ನಾನು. ಎರಡನೆಯವರು ಊದಿದರು, ಮೂರನೆಯವರೂ ಊದಿದರು. ಬಾಟಲಿ ಹಿಂದೆ ಸರಿಸಿದರೆ ಅವರಿಗೆ ಅವಮಾನ ಮಾಡಿದಂತಾಗುತ್ತದೆಂದು ಕಲ್ಲಿನಂತೆ ನಿಂತೆ. ಪಕ್ಕದಲ್ಲಿದ್ದ ಕುಂಕುಮದ ಹೆಂಗಸು, "ಇನ್ನೊಸಿ ಮ್ಯಾಕೆ ಎತ್ತಿ ಇಡ್ಕಳಿ ಅಕ್ಕ, ವಯಸ್ಸಾದೋರ್ಗೆ ಬಗ್ಗಕ್ಕಾಗಲ್ಲ," ಎಂದು ಪಿಸುಗುಟ್ಟಿದಳು. ನಾನು ವಿಧೇಯಳಾಗಿ ಎತ್ತಿ ಹಿಡಿದೆ.

ಎಲ್ಲರಿಗಿಂತ ಕೊನೆಗೆ ಬಂದವರು ಒಬ್ಬ ತಾತ. ಚೌಕಳಿ ಲುಂಗಿ, ಸಣಕಲು ಮೈ, ಕೊಂಚ ಬಾಗಿದ ಬೆನ್ನು. ಅವರು ಎಲ್ಲರಂತೆ ಊದಿ ಹೋಗಲಿಲ್ಲ. "ಯಾರ್ಗಮ್ಮಾ?" ಎಂದು ಕೇಳಿದರು. ಯಾರಿಗೂ ಅಲ್ಲ, ನಾನು ಸುಮ್ಮನೆ ನೋಡಲು ಬಂದವಳು ಎಂದು ಹೇಳುವುದು ಸರಿಯಾಗಿತ್ತು. ಆದರೆ ಬಾಯಲ್ಲಿ ಬಂದದ್ದೇ ಬೇರೆ.

"ತಮ್ಮನಿಗೆ. ಲೋಕೇಶ ಅಂತ. ನಿದ್ದೆ ಬರಲ್ಲ ಅವನಿಗೆ."

"ಬರ್ತದೆ," ಎಂದರು. ದೀಪ ಆರದಂತೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಬಾಟಲಿಯ ಬಾಯಿಗೆ ಅಂಗೈ ಅಡ್ಡವಿಟ್ಟು ಮೂರು ಸಲ ನಿಧಾನವಾಗಿ ಊದಿ ಹೊರಟುಹೋದರು. ನನಗೆ ಅಳು ಒತ್ತರಿಸಿಕೊಂಡು ಬಂತು. ಅಷ್ಟು ದಿನ ಯಾರ ಹತ್ತಿರವೂ ಆಡದಿದ್ದ ಮಾತನ್ನು ಗುರುತು ಪರಿಚಯವಿಲ್ಲದವರ ಮುಂದೆ ಆಡಿಬಿಟ್ಟಿದ್ದೆ. ಕುಂಕುಮದ ಆ ಹೆಂಗಸು ಒಂದು ಕೈಯಲ್ಲಿ ಮಗುವನ್ನು ಸಂಭಾಳಿಸುತ್ತ ಇನ್ನೊಂದು ಕೈಯಿಂದ ನನ್ನ ಬೆನ್ನು ಸವರಿದಳು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಆ ನೀರು ಲೋಕೇಶನಿಗೆ ತಲುಪಲೇ ಇಲ್ಲ. ಕುಡಿಯಲು ಮನಸ್ಸಾಗದೆ, ಚೆಲ್ಲಲು ಧೈರ್ಯ ಬಾರದೆ ಮನೆಗೆ ತಂದು ಅಡುಗೆಮನೆಯ ಗೂಡಿನಲ್ಲಿಟ್ಟೆ. ಗಂಡನಿಗೆ ಹೇಳಲಿಲ್ಲ, ಅಮ್ಮನಿಗೆ ಫೋನು ಮಾಡಲಿಲ್ಲ. ಚಿಕ್ಕಬಾಣಾವರವಂತೂ ಊರಿನ ಆ ತುದಿಗಿದೆ.

ಮರುದಿನ ಬೆಳಗ್ಗೆ ಅಮ್ಮನ ಫೋನು. "ಮಲಗಿದ್ದಾನೆ ಕಣೇ! ನಿನ್ನೆ ದೀಪ ಹಚ್ಚೋ ಹೊತ್ತಲ್ಲಿ ಮಲಗಿದೋನು ಇನ್ನೂ ಎದ್ದಿಲ್ಲ. ಭಯವಾಗಿ ಮೂಗಿನ ಹತ್ರ ಕೈ ಇಟ್ಟು ನೋಡಿ ಬಂದೆ," ಎಂದಳು. ಕಚೇರಿಗೆ ರಜೆ ಹೇಳಿ ಓಡಿದೆ. ಲೋಕೇಶ ಎದ್ದದ್ದು ಮಧ್ಯಾಹ್ನ. ಎರಡು ತಿಂಗಳು ದಣಿದ ಮೈ ಎಂದಾದರೂ ಒಂದು ದಿನ ಬೀಳಲೇಬೇಕಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವನು ಮುದ್ದೆ ಮುರಿಯುತ್ತ ತಾನಾಗಿಯೇ ಶುರುಮಾಡಿದ. "ನಿನ್ನೆ ಕಣ್ಣು ಹತ್ತೋ ಹೊತ್ತಲ್ಲಿ ಯಾರ್ಯಾರೋ ಸಾಲಾಗಿ ಬಂದು ಮುಖಕ್ಕೆ ಊದಿ ಊದಿ ಹೋಗ್ತಿದ್ರು ಕಣಕ್ಕ. ಕೊನೇಲಿ ಒಬ್ರು ತಾತ, ಹಿಂಗೆ ಕೈ ಅಡ್ಡ ಇಟ್ಕೊಂಡು ಊದಿದ್ರು. ಬರ್ತದೆ ಅಂದ್ರು. ಅಷ್ಟೇ ನೆನಪು."

ಅವನು ಅಡ್ಡ ಹಿಡಿದು ತೋರಿಸಿದ ಕೈ ಥೇಟ್ ಆ ತಾತನದೇ. ಆದರೂ ಬಾಯಿ ಬಿಡಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣವೆಂಬ ಹಟ ಹುಟ್ಟಿತು. ಎರಡು ವಾರ ಬಿಟ್ಟು, ಒಂದು ಹಳೇ ಮಸೀದಿ ತೋರಿಸುತ್ತೇನೆ ಬಾ ಎಂದಷ್ಟೇ ಹೇಳಿ ಸಂಜೆ ಅವನನ್ನು ಕರೆದುಕೊಂಡು ಹೋದೆ. ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಯ ಮುಂದೆ ನಿಂತೆವು. ನನ್ನ ಕಣ್ಣೇ ದಾರಿ ತೋರಿಸಬಾರದೆಂದು ಬೇಕೆಂದೇ ಬೆನ್ನು ತಿರುಗಿಸಿ ಬಾಳೆಹಣ್ಣು ಆರಿಸುತ್ತಿದ್ದೆ. ತಿರುಗಿ ನೋಡಿದರೆ ಅವನು ಪಕ್ಕದಲ್ಲಿಲ್ಲ. ರಸ್ತೆ ದಾಟಿ, ನಮಾಜು ಮುಗಿಸಿ ಹೊರಬರುತ್ತಿದ್ದ ಅಷ್ಟು ಜನರ ನಡುವೆ ನುಗ್ಗಿ, ಒಬ್ಬರ ಎರಡೂ ಕೈ ಹಿಡಿದುಕೊಂಡು ನಿಂತಿದ್ದ. ಅದೇ ಚೌಕಳಿ ಲುಂಗಿಯ ತಾತ.

ಅವರಿಗೆ ಗಾಬರಿ. "ಯಾರಪ್ಪಾ ನೀನು?" ಎಂದರು. ನಾನು ಓಡಿಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ನನ್ನ ಗುರುತೂ ಹತ್ತಲಿಲ್ಲ. "ದಿನಾ ಎಷ್ಟೋ ಜನಕ್ಕೆ ಊದ್ತೀವಿ ಅಮ್ಮಾ, ನೆನಪಿರಲ್ಲ. ನಾನು ಎಲ್ಲೂ ಹೋಗಿಲ್ಲ, ಅವತ್ತೂ ಸೀದಾ ಮನೆಗೇ ಹೋಗಿದ್ದು," ಎಂದು ನಕ್ಕು, "ಡಾಕ್ಟ್ರಿಗೂ ತೋರ್ಸಿ," ಎಂದರು. ಹೋಗುವ ಮುನ್ನ ರೂಢಿಯಂತೆ ಲೋಕೇಶನ ಮುಖಕ್ಕೆ ಕೈ ಅಡ್ಡವಿಟ್ಟು ಊದಿದರು.

ಅಮ್ಮನ ಮಾತು ಮೀರಿ ಡಾಕ್ಟರಿಗೂ ತೋರಿಸಿದೆವು. ದಣಿದ ತಲೆ ಏನೇನೋ ಕಾಣಿಸುತ್ತದೆ ಎಂದರು. ಕಂಡದ್ದು ಸರಿ, ಗುರುತು ಹಿಡಿದದ್ದು ಹೇಗೆ ಎಂದು ಕೇಳಿದ್ದಕ್ಕೆ ಮಾತ್ರೆ ಬರೆದುಕೊಟ್ಟು ಮುಂದಿನ ತಿಂಗಳು ಬನ್ನಿ ಎಂದರು. ಲೋಕೇಶ ನಿಧಾನವಾಗಿ ಚೇತರಿಸಿಕೊಂಡ. ಮಾತ್ರೆಯ ಪಾಲೆಷ್ಟು, ಆ ತಾತನ ಪಾಲೆಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ಮಸೀದಿಯಿಂದ ಹಿಂತಿರುಗುವಾಗ ಅವನು ಸ್ಕೂಟರಿನ ಹಿಂದೆ ಕೂತಿದ್ದ. ವರ್ತೂರು ಹತ್ತಿರ ಬಂದಾಗ ಕೇಳಿದ.

"ಅಕ್ಕ, ನನಗೆ ನಿದ್ದೆ ಬರಲ್ಲ ಅಂತ ನೀನು ಅವರಿಗೆ ಹೇಳಿದ್ಯಾ?"

"ಹ್ಞೂಂ ಕಣೋ."

"ಮತ್ತೆ ನನ್ನನ್ನ ಯಾಕೆ ಒಂದಿನಾನೂ ಕೇಳ್ಲಿಲ್ಲ?"

ವರ್ತೂರಿನಾಚೆಯ ಆ ತಾತ ಚಿಕ್ಕಬಾಣಾವರದ ನಮ್ಮ ಮನೆಯೊಳಕ್ಕೆ ಹೇಗೆ ಬಂದರೆಂದು ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದೇನೆ, ಬಗೆಹರಿದಿಲ್ಲ. ಅದು ಹಾಗೇ ಇರಲಿ. ಅದೇ ಮನೆಗೆ ವಾರ ವಾರ ಹೋಗಿ ಅವನ ಪಕ್ಕದಲ್ಲೇ ಕೂತು ಬರುತ್ತಿದ್ದ ನಾನು ಅವನನ್ನು ಯಾಕೆ ಕೇಳಲಿಲ್ಲ ಎಂಬುದನ್ನು ಮಾತ್ರ ಹಾಗೇ ಇರಲಿ ಎನ್ನಲು ನನ್ನಿಂದಾಗುತ್ತಿಲ್ಲ.