ಆಟ ಮುಗಿಯುವ ಮೊದಲೇ ಊದಿದ ಕಹಳೆ

ಊದಿದರೆ ಏನಂದುಕೊಳ್ಳುತ್ತಾರೆ? ಊದದೇ ಇದ್ದರೆ? ಹೋದ ವರ್ಷ ಈ ಹೊತ್ತಿಗೆ ಯಾರೂ ಬಾ ಎಂದು ಕರೆಯಬೇಕಾಗಿರಲಿಲ್ಲ. ಈ ವರ್ಷವೂ ಯಾರೂ ಕರೆದಿಲ್ಲ. ಆದರೆ ಎರಡೂ ಮೌನ ಒಂದೇ ಅಲ್ಲ ಎಂಬುದು ಹೊಲ್ಮಿರ್ಜಾ ಅವರಿಗೆ ಗೊತ್ತು. ಬರಬೇಡ ಎನ್ನಲು ಸಂಕೋಚಪಟ್ಟು ಸುಮ್ಮನಿದ್ದಾರೋ, ಬಂದೇ ಬರುತ್ತಾನೆ ಎಂಬ ನಂಬಿಕೆಯಿಂದ ಸುಮ್ಮನಿದ್ದಾರೋ?

ಚಿನಾರ್ತೆಪಾ ಊರಿನ ರೇಷ್ಮೆ ಗಿರಣಿಯ ಪಕ್ಕದಲ್ಲಿರುವ ಚಹಾಖಾನೆಯ ಎದುರು, ಕಾಲುವೆಯ ದಂಡೆಯ ಮೇಲೆ ಅವರು ನಿಂತಿದ್ದಾರೆ. ಡಿಸೆಂಬರಿನ ಬೆಳಗು, ಇನ್ನೂ ಬೆಳಕು ಹರಿದಿಲ್ಲ. ಅವರಿಗಿಂತ ಉದ್ದವಾದ ಹಿತ್ತಾಳೆಯ ಕಹಳೆ, ಅಂದರೆ ಕರ್ನಾಯ್, ಹಳೆಯ ರಜಾಯಿಯಿಂದ ಹೊಲಿದ ಚೀಲದಲ್ಲಿ ಭುಜಕ್ಕೆ ಒರಗಿದೆ. ಊದುವ ತುದಿಯನ್ನು ಮಾತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಾರೆ. ಈ ಚಳಿಯಲ್ಲಿ ತಣ್ಣಗಿನ ಹಿತ್ತಾಳೆಗೆ ತುಟಿ ಇಟ್ಟರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ಊದುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ಆದರೂ ತುದಿ ಬೆಚ್ಚಗಿದೆ.

ಒಳಗೆ ದೊಡ್ಡ ಕಡಾಯಿಯಲ್ಲಿ ಪಲಾವ್ ಬೇಯುತ್ತಿದೆ. ಗಿರಣಿಯವರ ಫುಟ್‌ಬಾಲ್ ತಂಡ ಇಪಾಕ್ಚಿಯ ಅಭಿಮಾನಿ ಬಳಗ ಪ್ರತಿವರ್ಷ ಋತು ಮುಗಿದ ಮೇಲೆ ಇಲ್ಲಿ ಮುಂಜಾನೆಯ ಊಟಕ್ಕೆ ಸೇರುತ್ತದೆ. ಸೂರ್ಯ ಏಳುವ ಮೊದಲು ಪ್ರಾರ್ಥನೆ, ಚಹಾ, ರೊಟ್ಟಿ, ಪಲಾವ್. ಆಮೇಲೆ ಬಳಗದ ಹಿರಿಯ, ಎಲ್ಲರಿಗೂ ಓತಾ ಅಂದರೆ ತಂದೆಯಂತಿರುವ ನಿಶೊನ್ ಓತಾ ಎದ್ದು ನಿಂತು, ಕಳೆದ ವರ್ಷ ಏನೇನಾಯಿತು ಎಂದು ಹೇಳುತ್ತಾರೆ. ಯಾರು ಸತ್ತರು, ಯಾರಿಗೆ ಮಗುವಾಯಿತು, ಎಲ್ಲಿ ಗೆದ್ದೆವು, ಎಲ್ಲಿ ಬಸ್ಸು ಕೆಟ್ಟು ನಿಂತಿತು. ಮದುವೆ ಮನೆಯ ಮುಂಜಾನೆಯ ಊಟಕ್ಕೆ ಹೇಗೋ ಹಾಗೆ, ಇದಕ್ಕೂ ಬಾಗಿಲಲ್ಲಿ ಕರ್ನಾಯ್ ಊದಿ ಕರೆಯಬೇಕು. ಕರೆ ಕೇಳಿದ ಮೇಲೆಯೇ ಜನ ಒಳಗೆ ಕಾಲಿಡುವುದು.

ಹೊಲ್ಮಿರ್ಜಾ ಮೊದಲು ಇದೇ ಗಿರಣಿಯಲ್ಲಿ ರೇಷ್ಮೆಗೂಡು ಬೇಯಿಸುತ್ತಿದ್ದರು. ಬಿಸಿನೀರಲ್ಲಿ ಅದ್ದಿ ಅದ್ದಿ ಬೆರಳತುದಿಯ ಗೆರೆಗಳು ಅಳಿಸಿಹೋಗಿವೆ. ಗಿರಣಿಯ ಅರ್ಧಭಾಗ ಬಾಗಿಲು ಹಾಕಿದಾಗ, ಸೋದರಮಾವನಿಂದ ಕಲಿತ ಕರ್ನಾಯ್ ಕೈಹಿಡಿಯಿತು. ಮದುವೆ, ಮುಂಜಿ, ಹೊಸ ಅಂಗಡಿಯ ಪ್ರಾರಂಭ. ಮನೆಯಲ್ಲಿ ಅಭ್ಯಾಸ ಮಾಡಿದರೆ ನೆರೆಯವರ ಹಸು ಹಾಲು ಕೊಡುವುದಿಲ್ಲವಂತೆ. ಅದಕ್ಕೇ ಕಾಲುವೆಯ ದಂಡೆಗೆ ಬರುತ್ತಾರೆ. ಈ ವಾದ್ಯಕ್ಕೆ ಬೆರಳಿಡಲು ಒಂದು ರಂಧ್ರವೂ ಇಲ್ಲ, ಇರುವುದೆಲ್ಲ ಹೊಟ್ಟೆಯೊಳಗಿನ ಗಾಳಿ ಮತ್ತು ತುಟಿ. ಹೊಟ್ಟೆಗೆ ಎರಡು ಬಾರಿ ಹರ್ನಿಯಾ ಆಪರೇಷನ್ ಆಗಿದೆ, ಅಂಗಿಯ ಕೆಳಗೆ ಅಗಲವಾದ ಪಟ್ಟಿ ಬಿಗಿದುಕೊಳ್ಳುತ್ತಾರೆ. ಒಡೆದ ತುಟಿಗೆ ಹೆಂಡತಿ ಹೊಜಿರಾ ರಾತ್ರಿ ಕುರಿಬಾಲದ ಕೊಬ್ಬು ಸವರುತ್ತಾರೆ.

"ಮುತ್ತು ಕೊಡೋ ಬಾಯಲ್ಲ ಇದು, ಚಪ್ಪಲಿ ಅಟ್ಟೆ" ಎಂದು ಹೊಜಿರಾ ಅತಿಥಿಗಳ ಎದುರೇ ಹೇಳುತ್ತಾರೆ. ಹೊಲ್ಮಿರ್ಜಾ ನಗುತ್ತಾ ಚಹಾ ಹೀರುತ್ತಾರೆ.

ಮದುವೆ ಮನೆಗಳಿಂದ ಹೊಟ್ಟೆಪಾಡು. ಇಪಾಕ್ಚಿಗೆ ಊದುವುದು ಪುಕ್ಕಟೆ. ಮೈದಾನದ ಮೆಟ್ಟಿಲುಗಳ ತುತ್ತತುದಿಯಲ್ಲಿ ಅವರು, ಪಕ್ಕದಲ್ಲಿ ನಗಾರಿಯ ಗೊಫಿರ್, ಎರಡು ಮೆಟ್ಟಿಲು ಕೆಳಗೆ ನಿಶೊನ್ ಓತಾ. ಇದು ಬದಲಾಗದ ಜಾಗ. ಕರ್ನಾಯ್ ಊದುವವನು ತಲೆಯನ್ನು ಹಿಂದಕ್ಕೆ ಚೆಲ್ಲಬೇಕು, ಅವನಿಗೆ ಕಾಣುವುದು ಆಕಾಶ ಮಾತ್ರ. ಊದುವ ಮೊದಲು ಉಸಿರು ತುಂಬಿಕೊಳ್ಳಬೇಕಾದ್ದರಿಂದ ಆಟ ನೋಡುತ್ತ ಕೂರುವಂತೆಯೂ ಇಲ್ಲ. ಹೀಗಾಗಿ ಒಂದು ಏರ್ಪಾಡು ಬೆಳೆದು ಬಂದಿದೆ. ಆಟವನ್ನು ನೋಡುವುದು ಓತಾನ ಕೆಲಸ, ಓತಾನನ್ನು ನೋಡುವುದು ಹೊಲ್ಮಿರ್ಜಾನ ಕೆಲಸ. ಓತಾ ತಲೆಯ ಮೇಲಿನ ಟೋಪಿ ಎತ್ತಿದರೆ ಕರ್ನಾಯ್ ಏಳುತ್ತದೆ. ಊರಿಗೆ ಊರೇ ಚೆಂಡಿನ ಹಿಂದೆ ಕಣ್ಣು ಓಡಿಸುವಾಗ ಈ ಮನುಷ್ಯ ಮಾತ್ರ ಒಬ್ಬ ಮುದುಕನ ತಲೆಯನ್ನು ನೋಡುತ್ತ ನಿಂತಿರುತ್ತಾರೆ. ಇಪಾಕ್ಚಿಯ ಎಷ್ಟೋ ಗೋಲುಗಳನ್ನು ಅವರು ನೋಡಿಯೇ ಇಲ್ಲ.

ಗೋಲಿಗೆ ಒಂದು ಬಗೆಯ ಕರೆ. ಗೆದ್ದು ಆಟ ಮುಗಿದಾಗ ಇನ್ನೊಂದು, ಮದುಮಗ ಹೆಣ್ಣಿನ ಮನೆಯ ಬಾಗಿಲಿಗೆ ಬಂದಾಗ ಊದುವ ಉದ್ದನೆಯ ಕರೆ. ಗೊಫಿರನ ನಗಾರಿಯ ಗದ್ದಲದಲ್ಲಿ ರೆಫರಿಯ ಸೀಟಿ ಯಾರ ಕಿವಿಗೂ ಬೀಳುವುದಿಲ್ಲ. ವರ್ಷಗಳಿಂದ ಇಪಾಕ್ಚಿಯ ಆಟಗಾರರಿಗೆ ಆಟ ಮುಗಿಯಿತು ಎಂದು ಗೊತ್ತಾಗುತ್ತಿದ್ದದ್ದೇ ಈ ಉದ್ದನೆಯ ಕರೆಯಿಂದ. ಸೀಟಿಯ ಕಡೆ ಕಿವಿಗೊಡುವುದನ್ನೇ ಅವರು ಮರೆತಿದ್ದರು.

ಈ ವರ್ಷ ತೀರ ಕೆಟ್ಟದ್ದೇನಾಗಿರಲಿಲ್ಲ. ಮಾರ್ಚಿನಲ್ಲಿ ಪರ್ವತದಾಚೆಯ ಆಟಕ್ಕೆ ಹೋದಾಗ ಘಟ್ಟದ ಮೇಲೆ ಹಿಮ ಬಿದ್ದು, ಬಳಗದವರೆಲ್ಲ ಇಳಿದು ಬಸ್ಸನ್ನು ನೂಕಿದರು. ತಲುಪುವಾಗ ಆಟದ ಅರ್ಧ ಮುಗಿದಿತ್ತು. ಉಳಿದರ್ಧಕ್ಕೆ ಗಂಟಲು ಕಿತ್ತುಹೋಗುವಷ್ಟು ಕೂಗಿದರು, ಸೋತರು. ಜೂನಿನಲ್ಲಿ ಚಮ್ಮಾರ ಎಶ್‌ಮತ್ ತೀರಿಕೊಂಡರು. ಅವರು ಕೂರುತ್ತಿದ್ದ ಮೆಟ್ಟಿಲಿನಲ್ಲಿ ಯಾರೂ ಕೂರುವುದಿಲ್ಲ, ಪ್ರತಿ ಆಟಕ್ಕೂ ಅಲ್ಲಿ ಒಂದು ಪೊಟ್ಟಣ ಸೂರ್ಯಕಾಂತಿ ಬೀಜ ಇಡುತ್ತಾರೆ. ಆಗಸ್ಟಿನಲ್ಲಿ ಕಾಲುವೆಯಾಚೆಯ ಊರಿನ ತಂಡವನ್ನು ಸೋಲಿಸಿದಾಗ ರೊಟ್ಟಿಯಂಗಡಿಯವನು ಒಂದಿಡೀ ಒಲೆ ರೊಟ್ಟಿಯನ್ನು ಹಂಚಿಬಿಟ್ಟ. ಉಳಿದದ್ದು ಕೊನೆಯ ಆಟ. ಗೆದ್ದರೆ ಲೀಗಿನಲ್ಲಿ ಉಳಿಯುತ್ತಿದ್ದರು.

ಒಂದು ಗೋಲಿನಿಂದ ಮುಂದಿದ್ದರು. ಹೆಚ್ಚುವರಿ ನಿಮಿಷಗಳು ನಡೆಯುತ್ತಿದ್ದವು. ಆಗ ಕರ್ನಾಯ್ ಮದುಮಗನ ಕರೆಯನ್ನು ಊದಿತು. ಇಪಾಕ್ಚಿಯ ರಕ್ಷಣೆಯವರು ಕೈ ಮೇಲೆತ್ತಿ ನಿಂತರು. ಗೋಲ್‌ಕೀಪರ್ ಮೊಣಕಾಲೂರಿ ಹುಲ್ಲಿಗೆ ಮುತ್ತಿಟ್ಟ. ರೆಫರಿ ಸೀಟಿ ಊದಿರಲಿಲ್ಲ. ಎದುರಾಳಿಗಳು ಅನುಮಾನಿಸುತ್ತಲೇ ಚೆಂಡನ್ನು ತೆಗೆದುಕೊಂಡು ಹೋಗಿ ಬಲೆಯೊಳಗೆ ಇಟ್ಟರು. ತಲೆ ಹಿಂದಕ್ಕೆ ಚೆಲ್ಲಿದ್ದ ಹೊಲ್ಮಿರ್ಜಾಗೆ ಅದೇನೂ ಕಾಣಲಿಲ್ಲ. ನಗಾರಿ ನಿಂತಾಗ ಏನೋ ಆಗಿದೆ ಎಂದು ತಿಳಿಯಿತು.

ಸಮಬಲವಾಯಿತು. ಇಪಾಕ್ಚಿ ಕೆಳಗಿನ ಲೀಗಿಗೆ ಇಳಿಯಿತು. ಮೆಟ್ಟಿಲುಗಳ ಮೇಲೆಯೇ ಜನ ಓತಾನನ್ನು ಸುತ್ತುವರಿದು ಕೇಳಿದರು. ಟೋಪಿ ಎತ್ತಿದಿರಾ? ಇಲ್ಲ ಎಂದರು ಓತಾ. ಸುಳ್ಳು ಹೇಳುವ ಮನುಷ್ಯರಲ್ಲ. ಜನ ಹೊಲ್ಮಿರ್ಜಾನ ಕಡೆ ತಿರುಗಿದರು. ಅವರು ಕರ್ನಾಯನ್ನು ಚೀಲಕ್ಕೆ ಹಾಕುತ್ತಿದ್ದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆತುರಪಟ್ಟ ಎಂದು ಜನ ತೀರ್ಮಾನಿಸಿದರು.

ಆಮೇಲಿನ ವಾರಗಳಲ್ಲಿ ಯಾರೂ ಅವರ ಮೇಲೆ ಕೈಮಾಡಲಿಲ್ಲ, ಬೈಯಲೂ ಇಲ್ಲ. ನಕ್ಕರು. ರೊಟ್ಟಿಯಂಗಡಿಯ ಎದುರು ಹಾದುಹೋದರೆ, "ಅಣ್ಣಾ, ಇನ್ನೂ ಬೆಂದಿಲ್ಲ, ಈಗ್ಲೇ ಊದ್ಬೇಡಿ" ಎಂಬ ಮಾತು. ಒಂದು ಮದುವೆ ಮನೆಯಲ್ಲಿ ಹುಡುಗಿಯ ಚಿಕ್ಕಪ್ಪ ಎಲ್ಲರ ಮುಂದೆ ಭುಜ ತಟ್ಟಿ, "ಮೊದ್ಲು ಮದುಮಗ ಬರ್ಲಿ ಕಣಯ್ಯಾ, ಆಮೇಲೆ ಊದು. ನೀನು ಊದಿದ್ದು ಕೇಳಿ ಅವ್ನು ಮದ್ವೆ ಮುಗೀತು ಅಂತ ಮನೆಗೆ ಹೋಗ್ಬಿಟ್ಟಾನು" ಎಂದ. ಬಳಿಕ ಎರಡು ಮನೆಯವರು ಬೇರೆ ಊರಿನ ಕರ್ನಾಯ್‌ನವರನ್ನು ಕರೆಸಿಕೊಂಡರು. ಅಪಶಕುನ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಬರುವ ವರ್ಷ ಮೈದಾನಕ್ಕೆ ಧ್ವನಿವರ್ಧಕ ತಂದರೆ ಹೇಗೆ ಎಂದು ಬಳಗದಲ್ಲಿ ಮಾತು ನಡೆದದ್ದು ಗೊಫಿರನಿಂದ ಅವರ ಕಿವಿಗೆ ಬಿತ್ತು. ಇವತ್ತು ಚಹಾಖಾನೆಯ ಬಾಗಿಲಲ್ಲಿ ಕರ್ನಾಯ್ ಊದದೆ ಊಟ ನಡೆದುಹೋದರೆ, ಮೈದಾನದಲ್ಲೂ ಅದಿಲ್ಲದೆ ನಡೆಯುತ್ತದೆ. ಕಾಲುವೆಯ ದಂಡೆಯಲ್ಲಿ ಅವರು ನಿಂತಿರುವುದು ಇದಕ್ಕೇ.

ಗೊಫಿರ್ ನಗಾರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಾನೆ. ದಂಡೆಯಲ್ಲಿ ನಿಂತ ಗೆಳೆಯನನ್ನು ನೋಡಿ, ಮೀನು ಹಿಡಿಯುತ್ತಿದ್ದೀಯಾ ಎಂದು ಕೇಳುತ್ತಾನೆ. ನಗಾರಿಯನ್ನು ಇಳಿಸಿ ಅದರ ಮೇಲೆಯೇ ಕೂರುತ್ತಾನೆ. ನಾನೊಬ್ಬನೇ ಬಡಿದರೆ ಜನ ಕರಡಿ ಕುಣಿಸುವವನು ಬಂದ ಅಂದುಕೊಳ್ಳುತ್ತಾರೆ, ನೀನು ಊದುವವರೆಗೆ ಕೋಲು ಮುಟ್ಟುವುದಿಲ್ಲ ಎನ್ನುತ್ತಾನೆ.

ಜನ ಬರತೊಡಗುತ್ತಾರೆ. ಹತ್ತಿ ತುಂಬಿದ ಉದ್ದಂಗಿಗಳು, ಎದೆಯ ಮೇಲೆ ಕೈಯಿಟ್ಟು ಸಲಾಮು. ಬಂದವರು ಬಾಗಿಲವರೆಗೆ ಹೋಗುತ್ತಾರೆ, ಅಲ್ಲಿ ನಿಲ್ಲುತ್ತಾರೆ. ಮೊದಲು ಮೂವರು, ಆಮೇಲೆ ಹತ್ತು, ಆಮೇಲೆ ಬೀದಿಯ ತುಂಬ. ಕರ್ನಾಯ್ ಕೇಳದೆ ಒಳಗೆ ಹೋಗಿ ಯಾರಿಗೂ ರೂಢಿಯಿಲ್ಲ. ಹೋಗಬಹುದೇ ಎಂದು ಯಾರೂ ಕೇಳುವುದಿಲ್ಲ. ಊದು ಎಂದೂ ಯಾರೂ ಹೇಳುವುದಿಲ್ಲ. ಇಷ್ಟು ದಿನ ನಕ್ಕವರಿಗೆ ಈಗ ಹೇಗೆ ಕೇಳುವುದು ಎಂದು ತೋಚದು. ದಂಡೆಯ ಮೇಲಿರುವ ಹೊಲ್ಮಿರ್ಜಾಗೆ ಯಾರೂ ಕೇಳಿಕೊಳ್ಳದೆ ಊದುವುದು ಹೇಗೆಂದು ತೋಚದು. ನಡುವಿನ ರಸ್ತೆಯಲ್ಲಿ ಉಸಿರಿನ ಹಬೆ ಮಾತ್ರ ಓಡಾಡುತ್ತದೆ. ಪಲಾವ್ ಮಾಡುವ ಬಾಣಸಿಗ ಸೌಟು ಹಿಡಿದು ಬಾಗಿಲಿಗೆ ಬಂದು, ಇದೇನು ಹೆಣ ಎತ್ತೋಕೆ ಕಾಯ್ತಿದ್ದೀರಾ, ಅಕ್ಕಿ ಮುದ್ದೆಯಾಗ್ತಿದೆ ಎಂದು ಗದರಿ ಒಳಗೆ ಹೋಗುತ್ತಾನೆ.

ನಿಶೊನ್ ಓತಾ ಬರುವುದು ತಡವಾಗಿ, ಕೋಲೂರಿಕೊಂಡು, ಸೊಸೆಯ ತೋಳು ಹಿಡಿದು. ಗಂಡಸರ ಊಟಕ್ಕೆ ಸೊಸೆ ಬಂದದ್ದು ನೋಡಿ ಜನ ದಾರಿ ಬಿಡುತ್ತಾರೆ. ಓತಾ ಬಾಗಿಲ ಕಡೆ ಹೋಗದೆ ರಸ್ತೆ ದಾಟಿ ದಂಡೆಗೆ ಬರುತ್ತಾರೆ. ಎಲ್ಲರಿಗೂ ಕೇಳುವ ಹಾಗೆ ಮಾತಾಡುತ್ತಾರೆ. ಕಿವಿ ಮಂದವಾದವರ ದನಿ ಯಾವಾಗಲೂ ದೊಡ್ಡದು.

"ನಿನ್ನೆ ನನ್ ಸೊಸೆ ಫೋನಲ್ಲಿ ಆ ಆಟ ತೋರಿಸಿದ್ಲು. ಯಾರೋ ಎದುರಿನ ಮೆಟ್ಟಿಲಿಂದ ತೆಗೆದದ್ದು. ಮಾವಾ, ಇಲ್ಲಿ ಹೊಳೀತಿರೋದು ನಿಮ್ಮ ಬೋಳು ತಲೆ ಅಲ್ವಾ ಅಂದ್ಲು. ಹೌದು, ನಂದೇ. ಟೋಪಿ ಕೈಯಲ್ಲಿದೆ."

ಬಾಗಿಲಲ್ಲಿದ್ದವರು ದಂಡೆಯ ಕಡೆ ತಿರುಗುತ್ತಾರೆ.

"ಕಣ್ಣು ಒರೆಸ್ಕೊಂಡೆ. ಉಳ್ಕೊಂಡ್ವಿ ಅಂತ ಕಣ್ಣಲ್ಲಿ ನೀರು ಬಂತು, ಟೋಪಿ ತೆಗೆದು ಒರೆಸ್ಕೊಂಡೆ. ಎತ್ತಿದೆ ಅಂತ ನಂಗೇ ಗೊತ್ತಾಗ್ಲಿಲ್ಲ. ಅವತ್ತು ಇಲ್ಲ ಅಂದದ್ದು ಸುಳ್ಳಲ್ಲ, ಆದ್ರೆ ನಿಜಾನೂ ಅಲ್ಲ." ಅವರು ಹೊಲ್ಮಿರ್ಜಾನ ಮುಖವನ್ನೇ ನೋಡುತ್ತಾರೆ. "ನೀನು ನೋಡಿದ್ದೆ, ಅಲ್ವೇನೋ ಮಗಾ?"

ಹೊಲ್ಮಿರ್ಜಾ ಚೀಲದ ದಾರ ಬಿಚ್ಚುತ್ತಿದ್ದಾರೆ.

"ಅಕ್ಕಿ ಮುದ್ದೆಯಾಗ್ತಿದೆಯಂತೆ, ಓತಾ."

ಓತಾ ಸೊಸೆಯ ತೋಳು ಬಿಟ್ಟು, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ಟೋಪಿಯನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ. ಗೊಫಿರ್ ಎದ್ದು ನಗಾರಿಯನ್ನು ನೆಟ್ಟಗಿಡುತ್ತಾನೆ. ಕರ್ನಾಯ್ ಚಿನಾರ್ ಮರದ ಬೋಳು ಕೊಂಬೆಗಳ ಕಡೆ ಏಳುತ್ತದೆ. ಮೊದಲ ಕರೆ ಒಡೆದು ಬರುತ್ತದೆ, ತುಟಿ ಇನ್ನೂ ಬಿಸಿಯಾಗಿಲ್ಲ. ಎರಡನೆಯದು ಗಿರಣಿಯ ಗೋಡೆಗೆ ಬಡಿದು ಹಿಂದಿರುಗುತ್ತದೆ. ಜನ ಒಳಗೆ ನಡೆಯುತ್ತಾರೆ.

ಊಟದ ನಡುವೆ ಹೇಳಬೇಕಾದ ಕ್ಷಮೆಯನ್ನು ಯಾರೂ ಹೇಳುವುದಿಲ್ಲ. ಅವರವರ ತಟ್ಟೆಯ ಅಂಚಿನ ಒಳ್ಳೆಯ ಮಾಂಸದ ತುಂಡುಗಳನ್ನು ಹೊಲ್ಮಿರ್ಜಾ ಕೂತ ಕಡೆಗೆ ತಳ್ಳುತ್ತಾರೆ, ಅಷ್ಟೆ. ರೊಟ್ಟಿಯಂಗಡಿಯವನು ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಡುತ್ತಾನೆ. ಓತಾ ಎದ್ದು ವರ್ಷದ ಲೆಕ್ಕ ಒಪ್ಪಿಸುತ್ತಾರೆ. ಹಿಮದಲ್ಲಿ ನೂಕಿದ ಬಸ್ಸು, ಎಶ್‌ಮತ್, ಆಗಸ್ಟಿನ ರೊಟ್ಟಿ. ಕೊನೆಯ ಆಟಕ್ಕೆ ಬಂದಾಗ, ಅದನ್ನು ಹೊರಗೇ ಹೇಳಿಯಾಯಿತು ಎಂದು ಕೂತುಬಿಡುತ್ತಾರೆ. ಧ್ವನಿವರ್ಧಕದ ಮಾತನ್ನು ಯಾರೂ ಎತ್ತುವುದಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಮಾತ್ರ, ಇನ್ನು ಮೇಲೆ ಓತಾನ ಕಿಸೆಗೊಂದು ಕರವಸ್ತ್ರ ತುರುಕಿ ಕಳಿಸಿ ಅಂತ ಸೊಸೆಗೆ ಹೇಳಬೇಕು ಎನ್ನುತ್ತಾನೆ. ಎಲ್ಲರಿಗಿಂತ ಹೆಚ್ಚು ನಗುವುದು ಓತಾ.

ಬಿಸಿಲು ಬಂದ ಮೇಲೆ ದಂಡೆಯಲ್ಲಿ ಕೂತು ಹೊಲ್ಮಿರ್ಜಾ ಕಹಳೆಯೊಳಗಿನ ಎಂಜಲನ್ನು ಕೊಡವುತ್ತಾರೆ. ಬಿಡಿಬಿಡಿಯಾಗಿ ಮಾತಾಡುತ್ತಾರೆ. ಕೆಳಗಿನ ಲೀಗಿನಲ್ಲಿ ಊರುಗಳು ಹತ್ತಿರ, ಬಸ್ಸು ಘಟ್ಟ ಹತ್ತಬೇಕಾಗಿಲ್ಲ. ಮಾರ್ಚಿನೊಳಗೆ ತುಟಿಯ ಸೀಳು ಮಾಗಿದರೆ ಸಾಕು. ಒಂದೇ ಒಂದು ಆಸೆ ಇದೆಯಂತೆ.

"ಒಂದ್ಸಲ ನಮ್ಮೋರು ಗೋಲು ಹೊಡೆಯೋದನ್ನ ನೋಡ್ಬೇಕು. ಊದೋದು ಒಂಚೂರು ತಡವಾದ್ರೂ ಪರವಾಗಿಲ್ಲ. ಬಲೆ ಅಲ್ಲಾಡುತ್ತಂತಲ್ಲ, ಅದನ್ನ."

ಆ ಕೊನೆಯ ಆಟದ ಬಗ್ಗೆ ಕೇಳಿದರೆ ಚೀಲದ ದಾರ ಬಿಗಿಯುತ್ತಾರೆ. ತಮ್ಮ ಮೇಲೆ ಊರೆಲ್ಲ ನಗುತ್ತಿದ್ದ ವಾರಗಳಲ್ಲಿ ಅವರ ಬಳಿ ಒಂದು ಮಾತಿತ್ತು. ಓತಾ ಎದುರು ಬಂದು ಕೇಳಿದಾಗಲೂ ಇತ್ತು. ಟೋಪಿ ಎದ್ದದ್ದನ್ನು ನಾನು ನೋಡಿದೆ ಎಂದು ಹೊಲ್ಮಿರ್ಜಾ ಯಾರಿಗೂ ಹೇಳಲಿಲ್ಲ.