ಗುಂಡ್ಲುಪೇಟೆ ಸ್ಟುಡಿಯೋದ ಕಣ್ಣೀರು

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತುವಾಗಲೇ ಅವ್ವ ಷರತ್ತು ಹಾಕಿದಳು. "ಫೋಟ ಈಸ್ಕಂಡು ವಾಪಸ್ ಬರನ. ಹಂಗಳದ ಸುದ್ದಿ ಎತ್ಬ್ಯಾಡ ಕಣಮ್ಮಿ." ಹಂಗಳದಲ್ಲಿ ಅವಳ ಅಪ್ಪ, ಅಂದರೆ ನನ್ನ ತಾತ, ಮಾವನ ಜೊತೆಗಿದ್ದಾರೆ. ನಾನು ಹುಟ್ಟುವ ಮೊದಲೇ ಅವ್ವ ಅವರೊಂದಿಗೆ ಮಾತು ಬಿಟ್ಟಿದ್ದಳು.

ಕಾರಣ ಒಂದು ಫೋಟೊ. ಅವ್ವ ಕೈಗೂಸಾಗಿದ್ದಾಗ ತೀರಿಕೊಂಡ ಅಜ್ಜಿಯದು ಇರುವುದು ಅದೊಂದೇ. ಅದರಲ್ಲಿ ಅಜ್ಜಿಯ ಕಣ್ಣಿನ ಕೆಳಗೆ ಹೊಳೆಯುವ ಒಂದು ಹನಿ. ನಿಮ್ಮಪ್ಪ ಎಷ್ಟು ಗೋಳು ಹುಯ್ದುಕೊಂಡಿದ್ದರೆ ಫೋಟೊಗೆ ಕೂತಾಗಲೂ ಅತ್ತಾಳು ಎಂದು ಅವ್ವನನ್ನು ಸಾಕಿದ ಅವಳ ದೊಡ್ಡಮ್ಮ ಹೇಳಿ ಹೇಳಿ ತಲೆಗೆ ತುಂಬಿದ್ದರು. ಬೆಳೆದ ಮೇಲೆ ಅವ್ವ ಅದನ್ನೇ ತಾತನ ಮುಖಕ್ಕೆ ಅಂದಳು. ತಾತ ಇಲ್ಲ ಅನ್ನಲಿಲ್ಲ. ಅಲ್ಲಿಗೆ ಅಪ್ಪ ಮಗಳ ಸಂಬಂಧ ಮುಗಿಯಿತು.

ಈಗ ಆ ಫೋಟೊಗೆ ಗೆದ್ದಲು ಹತ್ತಿತ್ತು. ತೆಗೆದ ಸ್ಟುಡಿಯೋ ಮುಚ್ಚುತ್ತಿದೆ, ಹಳೆಯ ನೆಗೆಟಿವ್‌ಗಳನ್ನು ಕೊಡುತ್ತಿದ್ದಾರೆಂದು ತಿಳಿದು ಹೊರಟೆವು. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ತೆರಕಣಾಂಬಿ ದಾಟುವಾಗ ತುಂತುರು ಹನಿಯಿತು. ಗುಂಡ್ಲುಪೇಟೆಯಲ್ಲಿ ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳ ಸಾಲು ಕರಗುವವರೆಗೆ ಇಡ್ಲಿ ತಿಂದೆವು.

ಸ್ಟುಡಿಯೋ ನೋಡಿಕೊಳ್ಳುವಾಕೆ ಅದನ್ನು ಶುರು ಮಾಡಿದವರ ಸೊಸೆ. ವಾರಸುದಾರರು ಒಯ್ಯಲೆಂದು ಹಳೆಯ ಫೋಟೊಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದರು. ನಾನು ಬಗ್ಗಿ ನೋಡಿದೆ. ನಗುತ್ತಿದ್ದ ಮದುಮಗಳ ಕೆನ್ನೆಯಲ್ಲೂ ಅದೇ ಹನಿ. ಮೀಸೆ ತಿರುವಿದ ಪೊಲೀಸನ ಕೆನ್ನೆಯಲ್ಲೂ ಅದೇ. ಕುಳ್ಳರಿಗೆ ಹಣೆಯ ಮೇಲೆ, ಎತ್ತರದವರಿಗೆ ಗದ್ದದ ಮೇಲೆ. ಊರಿಗೆ ಊರೇ ಅಳುತ್ತಿತ್ತು!

"ಅದು ಲೆನ್ಸಿನ ಐಬು ಕಣಕ್ಕ," ಅಂದರು ಸೊಸೆ. "ಒಳ್ಗಿನ್ ಗಾಜು ಸಡ್ಲ ಆಗ್ಬುಟ್ಟದೆ. ಲೈಟು ಗಾಜಿಂದ ಗಾಜ್ಗೆ ಬಡ್ದು ಒಂದೇ ಕಡೆ ಚುಕ್ಕಿ ಬೀಳ್ತದೆ. ಆದ್ರೆ ಮುಖ ಬೆಣ್ಣೆಯಂಗೆ ಮೆತ್ಗೆ ಬರೋದು, ಮೊಡ್ವೆ ಕಾಣ್ತಿರ್ನಿಲ್ಲ. ಜನ ಅದೇ ಬೇಕು ಅನ್ನೋರು. ನಮ್ ಮಾವ ಆ ಲೆನ್ಸ ಬದ್ಲಾಯಿಸ್ನೇ ಇಲ್ಲ."

ಅವ್ವ ನಂಬಲಿಲ್ಲ. ಸೊಸೆ ಕ್ಯಾಮೆರಾದ ಮುಸುಕು ತೆಗೆದು, ಹಳೆಯ ಜಾಗದಲ್ಲೇ ಇದ್ದ ದೀಪ ಹಾಕಿದರು. ನೆಲಕ್ಕೆ ಮೊಳೆ ಹೊಡೆದಿದ್ದ ಕುರ್ಚಿಯಲ್ಲಿ ನಾನು ಹಲ್ಲು ಕಿರಿದು ಕುಳಿತೆ. ಅವ್ವ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದಳು. ಒಳಗೆ ತಲೆಕೆಳಗಾಗಿ ಕಾಣುವ ನನ್ನನ್ನು ಬಹಳ ಹೊತ್ತು ನೋಡಿರಬೇಕು. ಹೊರಬಂದವಳೇ ಓಡಿಬಂದು ನನ್ನ ಕೆನ್ನೆ ಉಜ್ಜಿದಳು. ಬೆರಳು ಒಣಗಿಯೇ ಇತ್ತು. ನನಗೆ ಭಯವಾಯಿತು. ಒಂದು ಸಡಿಲ ಗಾಜು ಒಬ್ಬ ಮನುಷ್ಯನನ್ನು ಇಷ್ಟು ವರ್ಷ ಅಪರಾಧಿ ಮಾಡಬಹುದೇ?

"ಹಂಗಳಕ್ಕೆ ಹೋಗನ," ಅಂದಳು ಅವ್ವ.

ಅಜ್ಜಿಯ ನೆಗೆಟಿವ್ ಈಸಿಕೊಂಡು, ಬಂಡೀಪುರದ ಕಡೆಯ ಬಸ್ಸು ಹತ್ತಿ ಹಂಗಳದಲ್ಲಿ ಇಳಿದೆವು. ತಾತ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗಳನ್ನು ಕಂಡು ಏಳಲು ಹೋದರು, ಆಗಲಿಲ್ಲ. ಅವ್ವ ನಿಂತಲ್ಲಿಂದಲೇ ಅಂದಳು. "ಅಪ್ಪ, ಫೋಟದಲ್ಲಿ ನಮ್ಮವ್ವ ಅಳ್ತಿರ್ನಿಲ್ಲ ಕಣಪ್ಪ. ಅದು ಗಾಜಿನ ಐಬಂತೆ. ಕಣ್ಣಾರ ನೋಡ್ಕ ಬಂದೆ."

ತಾತನ ಕೈಯಿಂದ ಕಾಳು ಚೆಲ್ಲಿದವು.

"ನಿಜ್ವಾ?"

"ನಿಜ ಕಣಪ್ಪ. ನೀನ್ಯಾಕೆ ಅವತ್ತೇ ಇಲ್ಲ ಅನ್ನಿಲ್ಲ?"

"ನನ್ಗೇನ್ ಗೊತ್ತವ್ವ? ಅವ್ಳು ಒಳ್ಗೆ ಕೂತಿದ್ಳು, ನಾನು ಬೀದೀಲಿ ನಿಂತಿದ್ದೆ. ಫೋಟ ಕೈಗ್ ಬರೋ ಹೊತ್ಗೆ ಅವ್ಳೇ ಇರ್ನಿಲ್ಲ. ಯಾಕ್ ಅಳ್ತಿದ್ದೆ ಅಂತ ಯಾರ್ನ ಕೇಳ್ನಿ? ಏನೋ ಮಾಡ್ಬುಟ್ಟಿವ್ನಿ ಅಂತ ನಾನೂ ಅಂದ್ಕಂಡಿದ್ದೆ."